ಚರಮ ವೇಗ

ಪೆರ್ಮುದೆ ಶಾಲೆಗೆ ಗ್ಲಿಸರಿನ್ ಬರಲಿಲ್ಲ.
ಮೂರು ಸಲ ಬರೆದೆ, ಒಮ್ಮೆ ಮಲಯಾಳದಲ್ಲೂ ಬರೆಸಿದೆ.
ಕೊನೆಗೆ ಒಂಬತ್ತನೆಯ ತರಗತಿಯ ಯಕ್ಷಿತಾ
ಎರಡು ಲೀಟರ್ ತೆಂಗಿನೆಣ್ಣೆ ತಂದಳು,
ಅಪ್ಪ ಈಗ ಕೂರುವ ಮಿಲ್ಲಿನದು.

ಒಂದು ಉದ್ದ ಜಾಡಿ. ಒಂದು ಸಾಸಿವೆ.
ಎಣ್ಣೆಯಲ್ಲಿ ಅದ್ದಿ ಬಿಡಬೇಕು,
ಇಲ್ಲದಿದ್ದರೆ ಮೇಲೆಯೇ ತೇಲಿ ಮಾನ ಕಳೆಯುತ್ತದೆ.
ಬಿಟ್ಟ ಗಳಿಗೆ ಒಂದಿಷ್ಟು ಅವಸರ,
ಕಣ್ಣಿಗೆ ಸಿಗದಷ್ಟು;
ಆಮೇಲೆ ಯಾರೋ ಹಿಂದಿನಿಂದ ಅಂಗಿ ಹಿಡಿದ ಹಾಗೆ
ಒಂದೇ ನಡೆ.
ಸ್ಕೇಲು ಹಿಡಿದೆವು: ಸೆಕೆಂಡಿಗೆ ಅರ್ಧ ಸೆಂಟಿಮೀಟರ್.
ನಡುವೆಯೂ ಅರ್ಧ. ತಳದ ಹತ್ತಿರವೂ ಅರ್ಧ.

ಭೂಮಿ ಎಳೆಯುವುದನ್ನು ಬಿಟ್ಟಿಲ್ಲ, ಎಂದೆ.
ಎಣ್ಣೆಯ ತಡೆಯೂ ಅಷ್ಟೇ ಆಯಿತು, ಲೆಕ್ಕ ಚುಕ್ತಾ.
ಬೀಳುವುದು ನಿಲ್ಲದು, ಬೀಳುವ ಜೋರು ಮಾತ್ರ ಬೆಳೆಯದು.
ಅದಕ್ಕೆ ಚರಮ ವೇಗ ಎಂದು ಹೆಸರು.

ಹಿಂದಿನ ಬೆಂಚಿನಿಂದ ಮುನಾಸಿರ್:
"ಚರಮಗೀತೆಯ ಚರಮವಾ ಸಾರ್?"
ಅದೇ ಮಾರಾಯ, ಆದರೆ ಇಲ್ಲಿ ಯಾರೂ ಸತ್ತಿಲ್ಲ
ಎಂದು ಬಾಯಿ ಜಾರಿದ ಮೇಲೆ
ಮುಂದಿನ ಸಾಲಿನಲ್ಲಿ ಯಕ್ಷಿತಾ ಕಂಡಳು.

ಅವಳು ಎದ್ದು ಚಾಕ್ ತೆಗೆದುಕೊಂಡಳು.
ಕೇಳಿ ತೆಗೆದುಕೊಳ್ಳಲಿಲ್ಲ.
ಎತ್ತರ ಹದಿನಾಲ್ಕು ಮೀಟರ್.
ಆರಂಭದ ವೇಗ ಸೊನ್ನೆ.
ವರ್ಗಮೂಲಕ್ಕೆ ಬೋರ್ಡಿನ ಮೂಲೆಯಲ್ಲಿ ಗುಣಿಸಿ, ಒರೆಸಿ, ಗುಣಿಸಿ,
ಸೆಕೆಂಡಿಗೆ ಹದಿನಾರೂವರೆ ಮೀಟರ್.
ಅಂದರೆ ಕುಂಬಳೆ ಬಸ್ಸು ಇಳಿಜಾರಿನಲ್ಲಿ ಓಡುವಷ್ಟು.
ಮನುಷ್ಯನ ಚರಮ ವೇಗ ಎಷ್ಟು ಸಾರ್?
ಐವತ್ತೈದರ ಹತ್ತಿರ, ಎಂದೆ.
ಅಷ್ಟಾಗಲು ಮರ?
ಅರ್ಧ ಕಿಲೋಮೀಟರಿನಷ್ಟು ಎತ್ತರ ಬೇಕು ಮಗಾ.
ಅವಳು ಕೆಳಗೆ ಗೆರೆ ಎಳೆದು ಬರೆದಳು:
"ಅಪ್ಪ ಚರಮ ವೇಗ ತಲುಪಲಿಲ್ಲ."

ಉತ್ತರ ಸರಿ ಇತ್ತು.
ಸರಿ ಗುರುತು ಹಾಕಲು ನನ್ನ ಕೈ ಏಳಲಿಲ್ಲ.

ಸಂಜೆ ಮಿಲ್ಲಿಗೆ ಹೋದೆ.
ತನಿಯಪ್ಪ ಕೊಬ್ಬರಿ ಸುರಿಯುತ್ತಿದ್ದ,
ಎಡಗಾಲು ಸ್ಟೂಲಿನ ಮೇಲೆ, ಅದು ಮಡಚುವುದಿಲ್ಲ.
ಲೆಕ್ಕದ ಸುದ್ದಿ ಮನೆಗೆ ನನಗಿಂತ ಮೊದಲೇ ತಲುಪಿತ್ತು.
"ತಲುಪಲಿಲ್ಲವಂತೆ ಮಾಷ್ಟ್ರೇ, ಒಳ್ಳೆದಾಯಿತಲ್ಲ!"
ನಕ್ಕ. ಯಂತ್ರ ನಿಲ್ಲಿಸಿದ.

"ನಿಮಗೆ ಬೇಕಾದ್ದು ಒಂದು ಹೇಳುತ್ತೇನೆ.
ಕೈಯಿಂದ ಕತ್ತಿ ಜಾರಿದ್ದೂ ನಾನು ಜಾರಿದ್ದೂ ಒಟ್ಟಿಗೆ.
ಇಳಿಯುವಾಗ ಅದು ನನ್ನ ಮುಖದ ಪಕ್ಕದಲ್ಲೇ ಇತ್ತು,
ಮುಂದೆಯೂ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ.
ನಾನು ಎಪ್ಪತ್ತು ಕಿಲೋ, ಅದು ಮುಕ್ಕಾಲು.
ಹಿಡಿಯೋಣ ಅನ್ನಿಸಿತು,
ಅಲ್ಲೇ ನೇತು ಹಾಕಿದ ಹಾಗೆ ಇತ್ತಲ್ಲ.
ಭಾರ? ಇಲ್ಲವೇ ಇಲ್ಲ.
ಹೊಟ್ಟೆ ಮಾತ್ರ ಮರದಲ್ಲೇ ಉಳಿದಿತ್ತು.

ಬಿದ್ದೆ. ಅಂಗಾತ.
ಆಮೇಲೆ ಬಂತು ನೋಡಿ, ಮಾಷ್ಟ್ರೇ,
ನಾನು ತುಳಿದು ಉದುರಿಸಿದ ತೆಂಗಿನ ಹೂ,
ಸಣ್ಣ ಸಣ್ಣ ಹಳದಿ ಕಾಳು,
ಅವಕ್ಕೆ ಏನೂ ಅವಸರ ಇಲ್ಲ,
ಒಂದೊಂದಾಗಿ ಕೆನ್ನೆ ಮೇಲೆ, ಕಣ್ಣ ಮೇಲೆ.
ಅದರೊಟ್ಟಿಗೆ ಒಂದು ಕೆಂಜಿರುವೆ.
ಬಿದ್ದದ್ದೇ ಎದ್ದಿತು, ಮೂಗಿನ ಮೇಲೆ ಹತ್ತಿ
ದಾರಿ ಹುಡುಕಿಕೊಂಡು ನಡೆಯಿತು.
ಓಡಿಸಲು ಕೈ ಎತ್ತಲಾಗಲಿಲ್ಲ ನನಗೆ."

ಮತ್ತೆ ಯಂತ್ರ ಹಾಕಿದ. ಮಾತು ಮುಗಿಯಿತು.

ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ,
ಗಾಳಿಯ ಪ್ರತಿರೋಧವನ್ನು ನಗಣ್ಯವೆಂದು ಭಾವಿಸಿ.
ಅವನ ಮಟ್ಟಿಗೆ ಅದು ನಗಣ್ಯವೇ ಆಗಿತ್ತು.
ಹೂವಿಗೆ ಆಗಿರಲಿಲ್ಲ, ಇರುವೆಗೆ ಆಗಿರಲಿಲ್ಲ.

ಡಿಸೆಂಬರಿನ ಇವತ್ತು ಬೆಳಿಗ್ಗೆ
ಜಾಡಿಯ ಎಣ್ಣೆ ಗಂಜಿಯ ಹಾಗೆ ಬೆಳ್ಳಗೆ ದಪ್ಪಗಾಗಿದೆ.
ಬಿಟ್ಟ ಸಾಸಿವೆ ಎರಡು ಬೆರಳು ಇಳಿದು ನಿಂತಿದೆ,
ಕೆಳಗೂ ಇಲ್ಲ, ಮೇಲೂ ಇಲ್ಲ.
ಮುನಾಸಿರನೂ ಇನ್ನಿಬ್ಬರೂ ಸೇರಿ
ಜಾಡಿಯನ್ನು ಮಗುವಿನ ಹಾಗೆ ಎತ್ತಿ
ಜಗಲಿಯ ಬಿಸಿಲಲ್ಲಿ ಇಟ್ಟರು.
ಗಾಜಿನ ಅಂಚು ಆಗಲೇ ತಿಳಿಯಾಗುತ್ತಿದೆ.

ಯಕ್ಷಿತಾ ಸ್ಟಾಪ್‌ವಾಚ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾಳೆ,
ಹೆಬ್ಬೆರಳು ಗುಂಡಿಯ ಮೇಲೆ.
ಇನ್ನೂ ಒತ್ತಿಲ್ಲ.