ಕೂದಲೆಳೆ

ಪಿಯಾನೊದ ಮುಂದೆ ಕೂತವನಿಗೆ
ಕುಣಿಯುವವರ ಮುಖ ಕಾಣುವುದು ಕಡಿಮೆ.
ಸೆನೈದಾ ನನಗೆ ಗೊತ್ತಿದ್ದದ್ದು ಹಿಮ್ಮಡಿಯ ಸದ್ದಿನಿಂದ,
ಹತ್ತಿರ ಬಂದು ಹೋದ ಉಸಿರಿನಿಂದ,
ಮತ್ತೆ ಅವಳು ಕೇಳುತ್ತಿದ್ದ ಲಯದಿಂದ:
'ಎಲಿಯೆಸೆರ್, ಒಂದು ಕೂದಲೆಳೆ ನಿಧಾನ.'
ಕೂದಲೆಳೆ ಎಂದರೆ ಎಷ್ಟೆಂದು ಕಲಿಯಲು
ನಾಲ್ಕು ವರ್ಷ ಹಿಡಿಯಿತು ನನಗೆ.

ಕಮಗ್ವೇ ಊರಿನ ಹಳೆಯ ಮನೆ,
ಯಾವನೋ ಸಕ್ಕರೆ ವ್ಯಾಪಾರಿಯದಂತೆ.
ಅವನು ಉಂಡ ಹಜಾರದಲ್ಲಿ ನಮ್ಮ ತಾಲೀಮು.
ಗೋಡೆಗುಂಟ ಮರದ ಸರಳು, ಮೂಲೆಯಲ್ಲಿ ರಾಳದ ಡಬ್ಬಿ,
ಅಂಗಳದಲ್ಲಿ ಮಳೆನೀರು ಹಿಡಿಯುವ ಮಣ್ಣಿನ ಗುಡಾಣ,
ಅದರ ಕಂಠದ ಮೇಲೆ ಒಣಗಲಿಟ್ಟ ಅವಳ ಶೂಗಳು,
ಅಂಟು ಹಚ್ಚಿ, ಹೊಲಿದು, ಮತ್ತೆ ಅಂಟು ಹಚ್ಚಿ.
ಪಿಯಾನೊದ ಒಂದು ಕೀಲಿ ಸತ್ತು ಎಷ್ಟೋ ಕಾಲ.
ಅಲ್ಲಿಗೆ ಬಂದಾಗ ನಾನು ಬಾಯಲ್ಲೇ ಗುನುಗುತ್ತಿದ್ದೆ,
ಅವಳು ಆ ಗುನುಗಿನ ಮೇಲೆ ಕಾಲೂರುತ್ತಿದ್ದಳು.

ಹನ್ನೊಂದು ವರ್ಷ
ಹಂಸಗಳ ಸಾಲಿನಲ್ಲಿ ಎಡದಿಂದ ಮೂರನೆಯವಳು.
'ಮೂರನೆಯ ಹಂಸಕ್ಕೆ ಹೆಸರಿಲ್ಲ,
ಅದು ಅಲುಗಿದರೆ ಮಾತ್ರ ಇಡೀ ಕೊಳಕ್ಕೆ ಗೊತ್ತಾಗುತ್ತದೆ.'
ಹನ್ನೆರಡನೆಯ ವರ್ಷ ದೊಡ್ಡ ಪಾತ್ರ ಬಂತು.
ಅವಳ ತಾಯಿ ಸೊಳ್ಳೆಪರದೆ ಕತ್ತರಿಸಿ ಲಂಗ ಹೊಲಿದಳು.
ಆ ರಾತ್ರಿ ಬಾಲ್ಕನಿಯಲ್ಲಿ ಕೂತು
ದೀಪದಡಿ ಮೊದಲ ಸಲ ಅವಳ ಮುಖ ನೋಡಿದೆ.
ಯಾರೋ ಬೇರೆಯವಳು ಅನ್ನಿಸಿತು.
ಕಣ್ಣು ಮುಚ್ಚಿದೆ;
ಆಗ ಗುರುತು ಸಿಕ್ಕಿತು.

ಮಂಗಳವಾರ ಮದುವೆಯಾಗಬೇಡ, ಹಡಗು ಹತ್ತಬೇಡ
ಅನ್ನುತ್ತಾರೆ ನಮ್ಮಲ್ಲಿ.
ನೆಗೆಯಬೇಡ ಎಂದು ಯಾರೂ ಹೇಳಿರಲಿಲ್ಲ.
ನೆಗೆತಕ್ಕೂ ಇಳಿತಕ್ಕೂ ನಡುವೆ
ನನ್ನ ಬೆರಳಿಗೆ ಬಾಯಿಪಾಠವಾಗಿದ್ದ ಒಂದು ಬಿಡುವಿತ್ತು.
ಆ ದಿನ ಅದು ಮುಗಿಯುವ ಮೊದಲೇ
ಒಣಗಿದ ಕಾಯಿ ಸಿಡಿದಂತೆ ಏನೋ ಸದ್ದು.
ನಾನು ಇನ್ನೂ ಎರಡು ಪಟ್ಟು ನುಡಿಸಿದೆ.
ಅದಕ್ಕೆ ಅವಳು ನನ್ನನ್ನು ಕ್ಷಮಿಸಿದ್ದಾಳೋ, ಕೇಳಿಲ್ಲ.

ಏಳು ತಿಂಗಳ ಮೇಲೆ ಊರುಗೋಲಿನೊಂದಿಗೆ ಬಂದಳು,
ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಎರಡು ಬೆರಳು ನಡೆಸಿ
ಕಾಲಿನ ಪಾಠ ಹೇಳಿದಳು.
ಮೊದಮೊದಲು ಅದು ಕಲಿಸುವುದಲ್ಲ, ವಸೂಲಿ.
ತನ್ನಿಂದ ಹೋದದ್ದನ್ನೆಲ್ಲ
ಹತ್ತು ವರ್ಷದ ಮಕ್ಕಳ ಮೊಣಕಾಲಲ್ಲಿ ಹುಡುಕುತ್ತಿದ್ದಳು.
ಬಡಗಿಯ ಮಗ ದಾರಿಯೆಲ್ ಎರಡು ಸಲ ಓಡಿಹೋದ.
ಯುಸಿಮಿ ಅಳುತ್ತಲೇ ಸರಳು ಹಿಡಿದಿರುತ್ತಿದ್ದಳು.
ನಾನು ಏನೂ ಅನ್ನದೆ
ಕೇಳಿದ್ದಕ್ಕಿಂತ ತುಸು ನಿಧಾನವಾಗಿ ನುಡಿಸುತ್ತಿದ್ದೆ,
ಅಷ್ಟೇ ನನ್ನ ಧೈರ್ಯ.

ಒಂದು ಆಗಸ್ಟ್, ಕರೆಂಟು ಹೋಯಿತು.
ಗವ್ವೆನ್ನುವ ಕತ್ತಲು. ನಾನು ಕೈ ತೆಗೆದೆ.
ಆದರೂ ಯಾರದೋ ಅಂಗಾಲು ನೆಲ ಸವರುತ್ತಿತ್ತು,
ಒಂದು ಕೈ ಗೋಡೆ ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು.
'ಯಾರದು?'
'ಯುಸಿಮಿ. ತಪ್ಪಾಯಿತು, ಅಮ್ಮ.'
'ನಿಲ್ಲಿಸಬೇಡ,' ಅಂದಳು ಸೆನೈದಾ.
ಅಂಥ ದನಿ ನಾನು ಅವಳಲ್ಲಿ ಕೇಳಿರಲಿಲ್ಲ.
'ಅದೇ ತಪ್ಪು. ಇನ್ನೊಮ್ಮೆ ಮಾಡು.'

ಅಲ್ಲಿಂದ ಹುಟ್ಟಿತು ಅವಳ ಮೊದಲ ರಚನೆ,
ಹದಿನಾಲ್ಕು ನಿಮಿಷ, ಒಂಬತ್ತು ಮಕ್ಕಳು,
ಸಂಗೀತವಿಲ್ಲ.
'ಹಾಗಾದರೆ ನಾನು?'
'ಕೂತಿರು. ಕೊನೆಯಲ್ಲಿ ಪಿಯಾನೊದ ಮುಚ್ಚಳ ಹಾಕು.
ಆ ಸದ್ದಿಗೆ ಅವರು ನಿಲ್ಲುತ್ತಾರೆ.'
ಮೂವತ್ತು ವರ್ಷದ ಬೆರಳು ನನ್ನವು,
ಒಂದು ಮುಚ್ಚಳಕ್ಕೆ!
ವಾರವೆಲ್ಲ ಮುಖ ಗಂಟು ಹಾಕಿಕೊಂಡು ತಿರುಗಿದೆ.

ಆ ಸಂಜೆ ಪರದೆಯ ಮರೆಯಲ್ಲಿ ಅವಳು ನನ್ನ ಪಕ್ಕದಲ್ಲೇ.
ಮಕ್ಕಳು ಕುಣಿದರು, ನನ್ನ ಬೆರಳು ತೊಡೆಯ ಮೇಲೆ ಎಣಿಸಿತು.
ಓರೆಗಣ್ಣಿಗೆ ಅವಳ ಮುಖ ಕಂಡಿತು,
ತುಟಿ ಅಲುಗುತ್ತಿತ್ತು, ಕೋಲು ಕಂಕುಳಲ್ಲಿ ಮರೆತುಹೋಗಿತ್ತು.
ಗೋಡೆ ಹುಡುಕುತ್ತಿದ್ದ ಒಂಬತ್ತೂ ಕೈ ಮೇಲಕ್ಕೆದ್ದವು.
ತಡೆದೆ, ಇನ್ನೂ ತಡೆದೆ,
ಮುಚ್ಚಳ ಇಳಿಸಿದೆ.

ಚಪ್ಪಾಳೆ ತಗ್ಗಿದ ಮೇಲೆ ಅವಳು ಇತ್ತ ತಿರುಗಿದಳು.
'ಬೇಗ ಆಯಿತು,' ಅಂದಳು,
'ಒಂದು ಕೂದಲೆಳೆ.'