ಗೆರಿ

ಎರಡು ಬಾಟ್ಲಿ ಬಂದಾವ, ಒಂದೇ ಚೀಲದಾಗ.
ಒಂದು ಉಮದಿಯ ಸಿದರಾಯಂದು,
ಇನ್ನೊಂದು ಚಡಚಣದ ಗುರುಬಾಯಿದು.
ಎರಡೂ ಊರಿನ ನಡುವ ರಾಜ್ಯದ ಗಡಿ ಅದ,
ಬೋರ್ಡು ಬದಲಾಗೂ ತಿರುವಿನಾಗ ಒಂದು ಚಹಾದ ಗೂಡಂಗಡಿ ಅದ.
ಮುಚ್ಚಳ ತೆಗೆದರ ಎರಡಕ್ಕೂ ಒಂದೇ ನಾತ,
ಕೊಳೆತ ಮೀನಿಂದು.
ಸಮುದ್ರ ಕಾಣದ ಜತ್ತದಾಗ
ಈ ವಾಸನಿ ನನಗ ಹದಿನೆಂಟು ವರ್ಷದ ಗುರ್ತು.

ಡಾಕ್ಟರಬಾಯಿ ಕೇಳಿದ್ದು ಇಷ್ಟೇ:
ಒಂದೇ ಮನಿತನವೋ, ಬ್ಯಾರೆ ಬ್ಯಾರೆಯೋ?

ಬ್ಯಾರೆ ಬ್ಯಾರೆ ಬೆಳೆಸಿ, ಮೂರನೇ ದಿನ
ಕುರಿ ರಕ್ತ ಬೆರೆಸಿದ ಕೆಂಪು ತಟ್ಟ್ಯಾಗ
ಆ ಕಡೆ ಒಂದು ಚುಕ್ಕಿ ಇಟ್ಟೆ, ಈ ಕಡೆ ಒಂದು.

ನೀರಿನಾಗ ಇದು ಗಿಡ್ಡ ಜೀವ, ತನ್ನ ಪಾಡಿಗೆ ಈಜತದ.
ಗಟ್ಟಿ ನೆಲ ಮೈಗೆ ಹತ್ತಿತೋ, ಬುದ್ಧಿ ಬದಲು.
ಒಡೆಯೂದು ಬಿಟ್ಟು ಉದ್ದ ಆಗತದ, ಮತ್ತೂ ಉದ್ದ,
ಮೈತುಂಬ ಎಳಿ ಹುಟ್ಟತಾವ, ಸಾವಿರಗಟ್ಟಲೆ.
ಕಶಾಂಗ ಅಂತದ ಕನ್ನಡದ ಪುಸ್ತಕ.
ಮಿರಜದ ಕಾಲೇಜಿನಾಗ ಮರಾಠಿಯೊಳಗ
ಬಾಯಿಪಾಠ ಮಾಡಿದ ಹೆಸರು ಬ್ಯಾರೆ.
ನಮ್ಮವ್ವ ಉಣ್ಣಿ ಹಿಂಜೂದು ನೋಡಿದ ಕಣ್ಣಿಗೆ
ಎಳಿ ಅಂದರ ಎಳಿ.

ಪಕ್ಕಿಗೆ ಪಕ್ಕಿ ಹಚ್ಚಿ ಸಾಲುಗಟ್ಟತಾವ,
ಇದರ ಎಳಿ ಅದರ ಎಳಿಗೆ ಹೆಣಕೊಂಡು
ಎಲ್ಲಾ ಕೂಡಿ ತಿರುಗತಾವ. ಹಾದಿಗೆ ತಾವೇ ಲೋಳಿ ಬಳಕೊಂಡು
ತೆಪ್ಪ ಜಾರಿದಂಗ ಜಾರತಾವ.
ಒಂದನ್ನ ಹಿಂಡಿನಿಂದ ಕಿತ್ತು ಇಟ್ಟರ
ಎಳಿ ಇದ್ದರೂ ನಿಂತಲ್ಲೇ ನಿಲ್ಲತದ.
ಉಚ್ಚಿ ನಳಿಗಿಯ ಗೋಡಿ ಏರೂದೂ ಹಂಗೇ,
ಹಿಂಡಾಗಿ, ಅವಸರ ಇಲ್ಲದ.

ಒಂದಷ್ಟು ದೂರ ಹೋಗಿ ತಂಗತಾವ.
ದಣಿವಲ್ಲ ಅದು. ಮತ್ತ ಗಿಡ್ಡ ಆಗಿ, ಒಡೆದು, ಹೆಚ್ಚಿ
ಮತ್ತ ಏಳತಾವ.
ಬ್ಯಾಸಗಿಗೆ ಭೀಮಾ ದಂಡಿಗೆ ಹೊಂಟ ಕುರಿ
ರಾತ್ರಿಗೊಂದು ಹೊಲ ಹಿಡಿದು ಕೂತಂಗ.
ಕೂತಲ್ಲೆಲ್ಲ ಹಿಕ್ಕಿಯ ದುಂಡನ್ನ ಗುರ್ತು.
ತಟ್ಟ್ಯಾಗೂ ಉಂಗುರದ ಹೊರಗ ಉಂಗುರ.

ಬ್ಯಾರೆ ಮನಿತನ ಇದ್ದರ,
ಎದುರಾದಲ್ಲಿ ಮುಟ್ಟಿ ನೋಡತಾವ,
ಗುರ್ತು ಸಿಗದಿದ್ದರ ಚುಚ್ಚತಾವ, ಸಾಯತಾವ,
ನಡುವ ಒಂದು ಸಪೂರ ಗೆರಿ ಉಳಿಯತದ
ಸರ್ವೇದವರು ಎಳೆದಂಗ.
ತಮ್ಮವೇ ಇದ್ದರ ಗೆರಿ ಇಲ್ಲ.
ಎಳಿಯೊಳಗ ಎಳಿ ಹೊಕ್ಕು, ಯಾವುದು ಯಾರದೋ.

ರೇಶನ್ ಕಾರ್ಡು ಮರಾಠಿ, ಬೈಗುಳ ಕನ್ನಡ,
ಹಿಂಗ ಬೆಳೆದಾಕಿ ನಾನು. ಎಲ್ಲಾ ಕಡೆ
ಗೆರಿ ಅಳಿಸಿ ಹೋಗಲಿ ಅಂತ ಬಯಸಿದಾಕಿ.
ಆವತ್ತು ರಾತ್ರಿ ಕರೆಂಟು ಎರಡು ಸಲ ಹೋತು,
ಬೆಚ್ಚಗಿನ ಪೆಟ್ಟಿಗಿಗೆ ನನ್ನ ಶಾಲು ಹೊದಿಸಿ ಬೇಡಿಕೊಂಡೆ:
ಮೂಡಲಿ, ಕೂದಲಿನಷ್ಟಾದರೂ.

ಯಾಕಂದ್ರ ಉಮದಿಗೂ ಚಡಚಣಕ್ಕೂ
ನಳಿಗಿ ಬದಲಿಸಲಿಕ್ಕೆ ಹೋಗಾಂವ ಒಬ್ಬನೇ,
ಕಂಪೌಂಡರ್ ರಾಚೋಟಿ ಮಾಮಾ.
ನೂರು ರೂಪಾಯಿಗೆ ನಡುರಾತ್ರಿಗೂ ಬರತಾನ,
ಇಲ್ಲದವರ ಕಡೆ ಅದನ್ನೂ ಕೇಳಂಗಿಲ್ಲ.
ಮೊದಲ ಸಲ ಸೂಕ್ಷ್ಮದರ್ಶಕಕ್ಕ ನನ್ನ ಕಣ್ಣು ಹಚ್ಚಿಸಿ
"ಅಲುಗಬ್ಯಾಡ, ಅವೇ ಬರತಾವ" ಅಂದಾಂವ.
ಕುದಿಸೂ ಪಾತ್ರಿ ತೂತು ಬಿದ್ದದ ಅಂತ
ಹೋದ ತಿಂಗಳ ಅಂದಿದ್ದ.
ನಾನು ನಕ್ಕಿದ್ದೆ.

ಮುಂಜಾನೆ ತಟ್ಟಿ ಬೆಳಕಿಗೆ ಹಿಡಿದೆ.
ಆ ಕಡೆಯಿಂದ ಉಂಗುರ, ಈ ಕಡೆಯಿಂದ ಉಂಗುರ,
ನಡುವ
ಏನೂ ಇಲ್ಲ. ಕೆನಿ ಕೂಡಿದಂಗ ಕೂಡ್ಯಾವ.
ಕನ್ನಡಕ ಒರೆಸಿ ನೋಡಿದೆ. ತಟ್ಟಿ ತಿರುವಿ ನೋಡಿದೆ.

ರಿಪೋರ್ಟಿನ ಕಾಗದದಾಗ ಒಂದೇ ಸಾಲಿನ ಜಾಗ.
ಮರಾಠಿಯೊಳಗ ಬರೆದು ಸಹಿ ಮಾಡಿ
ಫೋನ್ ಹಚ್ಚಿದೆ.
"ಮಾಮಾ, ಇವತ್ತ ಹೊಸ ಪಾತ್ರಿ ತರೋಣು."
ಆ ಕಡೆ ಗಾಳಿ, ಮೋಟರ್‌ಸೈಕಲ್ಲಿನ ಸಪ್ಪಳ.
"ಹಾದ್ಯಾಗ ಅದೀನವಾ, ಸಂಖದಾಗ ಒಬ್ಬ ಮುದುಕ
ಬೆಳಗಿನಿಂದ ಒದ್ದಾಡಾಕತ್ಯಾನ."

ನಿಂದ್ರು, ಅಂದೆ.
ಗಾಡಿ ನಿಂತ ಸಪ್ಪಳ ಕೇಳಲಿಲ್ಲ.