ಹನ್ನೊಂದು ಮೈಲಿ ಆಚೆಯ ಕಾವಲು

ಮೂರಕ್ಕೆ ಎರಡು.
ಬರೆದುಕೊಂಡೆ. ಬರೆದುಕೊಳ್ಳುವುದೇ ನನ್ನ ಕೆಲಸ,
ಪೈಕ್ ಬೆಂಡ್ ಪುರಸಭೆಯ ಗುಮಾಸ್ತೆ, ಹತ್ತೊಂಬತ್ತು ವರ್ಷದಿಂದ.
ಹೊರಗೆ ಮಾರ್ಚ್ ತಿಂಗಳ ಹಿಮ
ಕರಗಲೋ ಬೇಡವೋ ಎಂದು ಕಿಟಕಿಯ ಅಂಚಿನಲ್ಲಿ ಕೂತಿತ್ತು.
ಒಳಗೆ ಹದಿನೇಳು ಜನ, ಮಡಚುವ ಕುರ್ಚಿ,
ಲುಥೆರನ್ ಚರ್ಚಿನಿಂದ ಎರವಲು ತಂದ ಕಾಫಿ ಹಂಡೆ.

ನಮ್ಮಲ್ಲಿದ್ದದ್ದೇ ಮೂವರು ಪೊಲೀಸರು.
ಒಬ್ಬ ದೊಡ್ಡ ಊರಿಗೆ ಹೋದ, ಸಂಬಳ ಹೆಚ್ಚೆಂದು.
ಒಬ್ಬನಿಗೆ ಬೆನ್ನು ಹೋಯಿತು.
ಉಳಿದವನು ಆರ್ವಿಡ್ ಟ್ವೇಟ್, ಅರವತ್ತೊಂದು.
ಜಾಹೀರಾತು ಕೊಟ್ಟು ಹದಿನಾಲ್ಕು ತಿಂಗಳಿಗೆ
ಬಂದದ್ದು ಒಂದೇ ಅರ್ಜಿ, ಅದರಲ್ಲೂ ಊರಿನ ಹೆಸರು ತಪ್ಪು.

ಮೇಜಿನ ಮೇಲೆ ಎರಡು ಲಕೋಟೆ.
ಕೌಂಟಿಯ ಶೆರಿಫ್ ಕೇಳಿದ್ದು ಹೆಚ್ಚು, ಕೊಡುವುದು ಕಡಿಮೆ.
ಇನ್ನೊಂದು ಸೇಂಟ್ ಆಲ್ಬನ್‌ನದು,
ಅಂದರೆ ಐಸ್ ಹಾಕಿಯಲ್ಲಿ ಮೂವತ್ತು ವರ್ಷ ನಮ್ಮನ್ನು ಸೋಲಿಸಿದವರು,
ನಮ್ಮ ಹೈಸ್ಕೂಲನ್ನು ನುಂಗಿ ನೀರು ಕುಡಿದವರು,
ತಮ್ಮ ನೀರಿನ ಟ್ಯಾಂಕಿಗೆ ನಮಗೆ ಕಾಣಲೆಂದೇ ದೀಪ ಹಾಕಿಸಿದವರು.
ವಾರಕ್ಕೆ ಎಂಬತ್ತು ಗಂಟೆ ಗಸ್ತು.
ಕರೆದರೆ ಹದಿನಾಲ್ಕು ನಿಮಿಷ, ಹವಾಮಾನ ಅನುಕೂಲವಿದ್ದಲ್ಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಎಂದ ಲೈಲ್ ಡ್ರೇಗ್ಸೆತ್.
ಚಾಚುತ್ತಿಲ್ಲ, ಕತ್ತರಿಸುತ್ತಿದ್ದೀರಿ, ಎಂದಳು ವರ್ನಾ ಸ್ಕೋಗ್.
ನಡಾವಳಿಯಲ್ಲಿ ಬರೆದೆ:
"ಚರ್ಚೆ ನಡೆಯಿತು."

ಆರ್ವಿಡ್ ಹಿಂದಿನ ಸಾಲಿನಲ್ಲಿದ್ದ, ಟೋಪಿ ತೊಡೆಯ ಮೇಲೆ.
ಯಾರಾದರೂ ಮಾತಾಡುವವರಿದ್ದೀರಾ, ಎಂದು ಮೇಯರ್ ಕೇಳಿದಾಗ
ಎದ್ದ. ಕಾಫಿ ಹಂಡೆಯ ಸ್ವಿಚ್ಚು ಆರಿಸಿದ. ಕೂತ.
ತಳ ಹತ್ತುತ್ತಿತ್ತು. ವಾಸನೆ ಬಂದದ್ದು ಅವನೊಬ್ಬನಿಗೆ.

ಏಪ್ರಿಲ್ ಕೊನೆ. ಹರಾಜಿಗೆ ಮುಂಚೆ
ಕಾರಿನ ಬಾಗಿಲಿಂದ ಊರಿನ ಹೆಸರು ಕೀಳುವ ಕೆಲಸ ನನಗೇ ಬಂತು.
ಮನೆಯಿಂದ ಹೇರ್ ಡ್ರೈಯರ್ ತಂದು, ಕಾಯಿಸಿ,
ಬೆಣ್ಣೆ ಸವರುವ ಚಾಕುವಿನಿಂದ ಎಬ್ಬಿಸಿದೆ.
ಅಕ್ಷರ ಎದ್ದು ಬಂದವು. ಅಡಿಯ ಬಣ್ಣ
ಬಿಸಿಲನ್ನೇ ಕಾಣದ್ದು, ಹೊಚ್ಚ ಹೊಸದಾಗಿ ಉಳಿಯಿತು.
ದೂರದಿಂದ ಈಗಲೂ ಓದಬಹುದು: ಪೈಕ್ ಬೆಂಡ್.

ಮೇ ಒಂದು. ಸೇಂಟ್ ಆಲ್ಬನ್‌ನ ಕಾರು ಕಚೇರಿಯ ಮುಂದೆ ನಿಂತಿತು.
ಇಳಿದವಳು ಪಾ ನಿಯಾ ಶಿಯಾಂಗ್, ಇಪ್ಪತ್ತಾರಿರಬೇಕು.
ನಕಾಶೆ ಇದೆಯಾ, ಎಂದಳು. ಫೋನಿನಲ್ಲಿದೆ,
ಆದರೆ ಅದು ಸೇತುವೆ ಇಲ್ಲದ ಕಡೆ ಸೇತುವೆ ತೋರಿಸುತ್ತದೆ.
ಕೊಟ್ಟೆ. ಆಮೇಲೆ ವಾಪಸು ಇಸಕೊಂಡು ಪೆನ್ಸಿಲು ಹುಡುಕಿದೆ.

ಇಲ್ಲಿ, ಕ್ವಾಮ್ ಅಜ್ಜಿ. ತಿಂಗಳಿಗೆರಡು ಸಲ ಕಳ್ಳ ಬಂದ ಅನ್ನುತ್ತಾಳೆ.
ಕಳ್ಳನಲ್ಲ, ಬಾವಲಿ. ಕೆಲವು ಸಲ ಬಾವಲಿಯೂ ಅಲ್ಲ.
ಬೂಟು ಬಿಚ್ಚಿ ಒಳಗೆ ಹೋಗಿ.
ಇದು ಧಾನ್ಯದ ಗೋಪುರ. ಶುಕ್ರವಾರ ಹುಡುಗರು ಹತ್ತುತ್ತಾರೆ.
ಕೆಳಗಿಂದ ದೀಪ ಬಿಡಬೇಡಿ, ಬೆಚ್ಚಿ ಕಾಲು ಜಾರೀತು.
ಹಾರ್ನ್ ಒಂದೇ ಸಲ. ತಾವಾಗಿ ಇಳಿಯುತ್ತಾರೆ.
ಈ ಮನೆಗೆ ಒಬ್ಬರೇ ಹೋಗಬೇಡಿ.
ಈ ಮನೆಯವನು, ಹೆಂಡತಿ ತೀರಿದ ವರ್ಷ,
ತನ್ನ ಬಂದೂಕನ್ನು ತಾನೇ ತಂದು ಆರ್ವಿಡ್ ಕೈಗಿಟ್ಟಿದ್ದ.
ನವೆಂಬರ್ ಬಂದರೆ ವಾಪಸು ಕೇಳುತ್ತಾನೆ, ಜಿಂಕೆ ಬೇಟೆಗೆ ಅಂತ.
ಕೊಡಬೇಕೋ ಬೇಡವೋ ನನಗೆ ತಿಳಿಯದು.
ಆರ್ವಿಡ್ ಅವನ ಅಡುಗೆಮನೆಯಲ್ಲಿ ಒಂದು ಗಂಟೆ
ಸುಮ್ಮನೆ ಕೂತಿದ್ದು, ಆಮೇಲೆ ತೀರ್ಮಾನಿಸುತ್ತಿದ್ದ.

ಆ ಒಂದು ಗಂಟೆ, ಎಂದಳು ಅವಳು,
ಎಂಬತ್ತರ ಒಳಗೋ, ಹೊರಗೋ?

ಒಪ್ಪಂದ ತೆರೆದೆ. ಇಪ್ಪತ್ತೆರಡು ಪುಟ.
ಟೈಪು ಮಾಡಿದವಳು ನಾನೇ,
ಆದರೂ ಸಾಲಿನ ಕೆಳಗೆ ಬೆರಳಿಟ್ಟು ಹುಡುಕುತ್ತಾ ಹೋದೆ.
ಹೊರಗೆ ಅವಳ ಕಾರಿನ ಇಂಜಿನ್ನು ಚಾಲೂ ಇತ್ತು.
ಹೋಗಿ ಆರಿಸಿ ಬಂದಳು.